ಗಾಳಕ್ಕೆ ಬೀಳುವ ಮೀನು, ಲೆಕ್ಕಕ್ಕೆ ಸಿಗದ ಮೀನು

2015ರ ಆಗಸ್ಟ್ 3ರ ರಾತ್ರಿ ಅಮೆರಿಕದ ಮಿನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದಲ್ಲಿ ವಾಲೈ ಮೀನಿಗೆ ಗಾಳ ಹಾಕುವುದು ನಿಂತುಹೋಯಿತು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹಾಗೆಂದು ಆದೇಶ ಹೊರಡಿಸಿತ್ತು. ಆ ವರ್ಷ ಗಾಳ ಹಾಕುವವರಿಗೆ ಗೊತ್ತುಮಾಡಿದ್ದ ಪಾಲು 28,600 ಪೌಂಡ್, ಅಂದರೆ ಸುಮಾರು 13 ಟನ್ ಮೀನು. ಜುಲೈ ಮುಗಿಯುವ ಹೊತ್ತಿಗೆ ಆ ಪಾಲು ಚುಕ್ತಾ ಆಗಿತ್ತು. ಬೇಸಿಗೆ ರಜೆಯಿನ್ನೂ ತಿಂಗಳಷ್ಟು ಉಳಿದಿತ್ತು. ದಂಡೆಯುದ್ದಕ್ಕೂ ರೆಸಾರ್ಟ್‌ಗಳು, ದೋಣಿ ಬಾಡಿಗೆಯವರು, ಎರೆ ಮಾರುವ ಅಂಗಡಿಗಳು ವರ್ಷದ ಗಳಿಕೆಗೆ ನಂಬಿಕೊಂಡಿದ್ದು ಅದೇ ತಿಂಗಳುಗಳನ್ನು. ಅವರಿಗೆ ನೆರವು ಕೊಡಲು ಶಾಸನಸಭೆಯ ವಿಶೇಷ ಅಧಿವೇಶನ ಕರೆಯಬೇಕೆಂದು ಗವರ್ನರ್ ಮಾರ್ಕ್ ಡೇಟನ್ ಪಟ್ಟು ಹಿಡಿದರು. ಅಧಿವೇಶನ ನಡೆಯಲಿಲ್ಲ.

ವಿಚಿತ್ರವೆಂದರೆ ಮುಂದಿನ ಎರಡು ಬೇಸಿಗೆಗಳಲ್ಲಿ ಆದದ್ದು. ಸರೋವರದಲ್ಲಿ ವಾಲೈ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದು ಇಲಾಖೆ ಹೇಳುತ್ತಿದ್ದಾಗಲೇ ಗಾಳ ಹಾಕಿದವರಿಗೆ ಮೀನಿನ ಮೇಲೆ ಮೀನು ಸಿಗುತ್ತಿತ್ತು. ಇಷ್ಟು ಸಲೀಸಾಗಿ ಕಚ್ಚುತ್ತಿದೆ, ಹಾಗಾದರೆ ಮೀನಿಗೆಲ್ಲಿಯ ಬರ ಎಂದು ದೋಣಿಯವರು ಕೇಳಿದರು. 2017ರ ಜೂನ್‌ನಲ್ಲಿ ಡೇಟನ್ ಸ್ವತಃ ಅಲ್ಲಿ ಗಾಳ ಹಾಕಲು ಬಂದಾಗ ಪ್ರತಿಭಟನೆಯ ದೋಣಿಗಳು ಅವರ ಬೆನ್ನು ಹತ್ತಿದವು. ಇಲಾಖೆಯ ಜೀವವಿಜ್ಞಾನಿಗಳು ಕೊಟ್ಟ ಉತ್ತರ ಕೇಳಿದವರಿಗೆ ಕುಚೋದ್ಯದಂತೆ ಕಂಡಿರಬೇಕು: ಮೀನು ಚೆನ್ನಾಗಿ ಕಚ್ಚುತ್ತಿರುವುದು ಅವುಗಳ ಸಂಖ್ಯೆ ಹೆಚ್ಚಿದ್ದರಿಂದಲ್ಲ, ಅವುಗಳಿಗೆ ಹೊಟ್ಟೆಗೆ ಸಾಲದ್ದರಿಂದ.

ಈ ಉತ್ತರ ಅರ್ಥವಾಗಬೇಕಾದರೆ ಸರೋವರವನ್ನೂ ಆ ಮೀನನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಮಿಲ್ ಲ್ಯಾಕ್ಸ್ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ಗಳಿಂದ ಸುಮಾರು 160 ಕಿಲೋಮೀಟರ್ ಉತ್ತರಕ್ಕಿದೆ. ವಿಸ್ತಾರ 530 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ದಂಡೆಯಲ್ಲಿ ನಿಂತರೆ ಆಚೆ ದಡ ಕಾಣದು. ಆದರೆ ಇಷ್ಟಗಲದ ನೀರು ಅತಿ ಆಳವಾದ ಜಾಗದಲ್ಲೂ 13 ಮೀಟರ್ ಮುಟ್ಟುವುದಿಲ್ಲ. ಗಾಳಿ ಎದ್ದರೆ ಮೇಲಿನ ನೀರು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಕಲಸಿಹೋಗುತ್ತದೆ. ಆಳದ ಸರೋವರಗಳಲ್ಲಿ ಬೇಸಿಗೆಯಿಡೀ ತಳದಲ್ಲಿ ತಣ್ಣನೆಯ ನೀರಿನ ಪದರವೊಂದು ಉಳಿದುಕೊಂಡಿರುತ್ತದಲ್ಲ, ಆ ಆಸರೆ ಇಲ್ಲಿಯ ಮೀನುಗಳಿಗೆ ಅಷ್ಟಾಗಿ ಇಲ್ಲ. ಚಳಿಗಾಲದಲ್ಲಿ ಮೇಲ್ಮೈಯೆಲ್ಲ ಹೆಪ್ಪುಗಟ್ಟುತ್ತದೆ. ನೈಋತ್ಯ ದಂಡೆಯಿಂದ ರಮ್ ನದಿ ಹೊರಟು ಮಿಸಿಸಿಪ್ಪಿಯನ್ನು ಸೇರುತ್ತದೆ.

ವಾಲೈ ಪರ್ಚ್ ಕುಟುಂಬದ್ದು. ಹಿತ್ತಾಳೆ ಬಣ್ಣದ ಮೈ, ಚೂಪು ಹಲ್ಲು, ಮಂಕು ಹಿಡಿದಂತೆ ಕಾಣುವ ದೊಡ್ಡ ಕಣ್ಣು. ಆ ಕಣ್ಣೇ ಅದರ ಬಂಡವಾಳ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿ ಹೊಮ್ಮಿಸುವ ಪದರವೊಂದಿದೆ. ಬೆಕ್ಕಿನ ಕಣ್ಣು ರಾತ್ರಿ ಹೊಳೆಯುವುದಕ್ಕೂ ಇಂಥದೇ ಪದರ ಕಾರಣ. ಹೀಗಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಗಾಳಿಗೆ ಕದಡಿದ ನೀರಿನಲ್ಲಿ ವಾಲೈಗೆ ಬೇಟೆ ಚೆನ್ನಾಗಿ ಕಾಣುತ್ತದೆ, ಬೇಟೆಗೆ ವಾಲೈ ಕಾಣುವುದಿಲ್ಲ. ನೆತ್ತಿಯ ಬಿಸಿಲು ತಳದವರೆಗೆ ಇಳಿಯುವ ತಿಳಿನೀರು ಮಾತ್ರ ಅದಕ್ಕೆ ಆಗಿಬರದು. 2004ರಲ್ಲಿ ಕೆನಡಾದ ಸಂಶೋಧಕರು ಇದನ್ನು ಅಂಕಿಗಳಲ್ಲಿ ಹೇಳಿದರು: 11ರಿಂದ 25 ಡಿಗ್ರಿ ಸೆಲ್ಸಿಯಸ್ ತಾಪ, 8ರಿಂದ 68 ಲಕ್ಸ್ ಬೆಳಕು. ಇವೆರಡೂ ಕೂಡಿಬಂದ ನೀರಿನಲ್ಲಷ್ಟೇ ವಾಲೈ ನೆಮ್ಮದಿಯಾಗಿರುತ್ತದೆ. ಮೋಡ ಮುಚ್ಚಿ ಅಲೆಯೆದ್ದ ದಿನವೇ ಗಾಳಕ್ಕೆ ಒಳ್ಳೆಯ ದಿನ ಎಂದು ಅಲ್ಲಿಯ ಹಳಬರು ಹೇಳುವುದರ ಹಿಂದಿರುವುದೂ ಇದೇ ಬೆಳಕಿನ ಲೆಕ್ಕ.

ವಸಂತದಲ್ಲಿ ಹಿಮ ಕರಗಿದ ಕೂಡಲೇ, ನೀರಿನ್ನೂ ಕೊರೆಯುತ್ತಿರುವಾಗಲೇ, ವಾಲೈಗಳು ದಂಡೆಯ ಹತ್ತಿರದ ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಚೆಲ್ಲುತ್ತವೆ. ಗೂಡು ಕಟ್ಟುವುದಿಲ್ಲ, ಕಾವಲು ಕಾಯುವುದಿಲ್ಲ. ದೊಡ್ಡ ಹೆಣ್ಣೊಂದು ಲಕ್ಷಗಟ್ಟಲೆ ಮೊಟ್ಟೆಯಿಟ್ಟು ಆಳಕ್ಕೆ ಮರಳಿಬಿಡುತ್ತದೆ. ಬಹುಪಾಲು ವರ್ಷಗಳಲ್ಲಿ ಹುಟ್ಟಿದ ಮರಿಗಳು ಹೇಳಹೆಸರಿಲ್ಲದೆ ಹೋಗುತ್ತವೆ. ಎಲ್ಲೋ ಒಂದು ವರ್ಷ ಹವೆ, ಮೇವು ಎಲ್ಲ ಕೂಡಿಬಂದು ದೊಡ್ಡದೊಂದು ಪೀಳಿಗೆ ಬದುಕುಳಿಯುತ್ತದೆ. ಸರೋವರದ ಮೀನುಗಾರಿಕೆ ಮುಂದಿನ ಐದಾರು ವರ್ಷ ಅದೊಂದರ ಮೇಲೇ ನಿಂತಿರುತ್ತದೆ. ಮಿಲ್ ಲ್ಯಾಕ್ಸ್‌ನಲ್ಲಿ 2008ರ ಪೀಳಿಗೆ ಹಾಗೆ ನಿಂತಿತು, ಆಮೇಲೆ 2013ರದು.

ನೀರೊಳಗಿನ ಮೀನನ್ನು ಎಣಿಸುವುದು ಹೇಗೆ? ಪ್ರತಿ ಸೆಪ್ಟೆಂಬರ್‌ನಲ್ಲಿ ಇಲಾಖೆಯವರು ವರ್ಷವರ್ಷವೂ ಅವೇ ಜಾಗಗಳಲ್ಲಿ, ಅದೇ ಅಳತೆಯ ಗಿಲ್‌ನೆಟ್ ಬಲೆ ಬಿಡುತ್ತಾರೆ. ಒಂದು ಬಲೆಗೆ ಸರಾಸರಿ ಎಷ್ಟು ಮೀನು ಸಿಕ್ಕಿತೆಂಬುದು 1970ರ ದಶಕದಿಂದ ದಾಖಲಾಗುತ್ತ ಬಂದಿದೆ. ಸಿಕ್ಕ ಮೀನಿನ ಒಳಗಿವಿಯಲ್ಲಿ ಪುಟ್ಟದೊಂದು ಸುಣ್ಣದ ಹರಳಿರುತ್ತದೆ. ಅದನ್ನು ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಬಳೆ ಕಾಣುತ್ತದೆ. ಬಳೆ ಎಣಿಸಿದರೆ ಮೀನು ಯಾವ ವರ್ಷ ಹುಟ್ಟಿತೆಂದು ತಿಳಿಯುತ್ತದೆ.

ಬಲೆ ಹೇಳುವುದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದಷ್ಟೇ. ಒಟ್ಟು ಎಷ್ಟಿವೆ ಎಂದು ತಿಳಿಯಲು ಇನ್ನೊಂದು ಉಪಾಯ. ಸಾವಿರ ಮೀನಿಗೆ ಗುರುತುಚೀಟಿ ಚುಚ್ಚಿ ಬಿಡುವುದು. ಅವು ಉಳಿದವುಗಳ ಜೊತೆ ಬೆರೆತ ಮೇಲೆ ಮತ್ತೆ ಐನೂರನ್ನು ಹಿಡಿದು ನೋಡುವುದು. ಐದರಲ್ಲಿ ಗುರುತಿದ್ದರೆ ನೂರಕ್ಕೊಂದು ಎಂದಾಯಿತು. ಸಾವಿರವನ್ನು ನೂರರಿಂದ ಗುಣಿಸಿದರೆ ಒಂದು ಲಕ್ಷ. ಗುರುತು ಕಳಚಿಬೀಳಬಾರದು, ಗುರುತಿನ ಮೀನು ಬೇರೆಯವುಗಳಿಗಿಂತ ಬೇಗ ಸಾಯಬಾರದು, ಚೆನ್ನಾಗಿ ಬೆರೆಯಬೇಕು ಎಂಬ ಷರತ್ತುಗಳೆಲ್ಲ ಇದ್ದೇ ಇವೆ. ಈ ಬಗೆಯ ಎಣಿಕೆಯ ಪ್ರಕಾರ 14 ಇಂಚು ಮೀರಿದ ವಾಲೈಗಳು 2014ರಲ್ಲಿ ಸುಮಾರು ಎರಡೂವರೆ ಲಕ್ಷ ಇದ್ದವು. 2018ರಲ್ಲಿ ಸಂಖ್ಯೆ ಏಳು ಲಕ್ಷ ದಾಟಿತು. ಹೆಚ್ಚಳದ ಬಹುಭಾಗ 2013ರಲ್ಲಿ ಹುಟ್ಟಿದ ಪೀಳಿಗೆಯ ಕೊಡುಗೆ.

ಇಲ್ಲಿ ಗಾಳದ ಮಾತಿಗೆ ಮರಳಬಹುದು. ಮಿಲ್ ಲ್ಯಾಕ್ಸ್‌ನ ವಾಲೈಗೆ ಮುಖ್ಯ ಆಹಾರ ಹಳದಿ ಪರ್ಚ್ ಎಂಬ ಸಣ್ಣ ಮೀನು. ಪರ್ಚ್ ಮರಿಗಳು ತುಂಬಿ ತುಳುಕಿದ ವರ್ಷ ವಾಲೈಗೆ ಹೊಟ್ಟೆ ತುಂಬಿರುತ್ತದೆ. ಅದರ ಮೂಗಿನ ಮುಂದೆ ಜಿಗಣೆ ಕಟ್ಟಿದ ಕೊಕ್ಕೆ ಕುಣಿಸಿದರೂ ತಿರುಗಿ ನೋಡದು. (ಜಿಗಣೆಯೆಂದರೆ ನಮ್ಮ ಮಲೆನಾಡಿನವರು ಕಾಲು ಕೊಡವುತ್ತಾರೆ, ಮಿನೆಸೋಟದಲ್ಲಿ ಅದನ್ನು ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ.) ಜೂನ್ ಹೊತ್ತಿಗೆ ಸರೋವರದ ಕೆಸರು ತಳದಿಂದ ಮೇಫ್ಲೈ ಹುಳುಗಳು ಎದ್ದು ಬರುವಾಗಲೂ ಹಾಗೆಯೇ: ಕೆಲವು ದಿನ ಮೀನಿಗೆ ಪುಕ್ಕಟೆ ಊಟ, ದೋಣಿಯವರಿಗೆ ಉಪವಾಸ. ಪರ್ಚ್ ಕ್ಷೀಣಿಸಿದ ವರ್ಷ ಇದೆಲ್ಲ ತಿರುವುಮುರುವಾಗುತ್ತದೆ. ಇರುವ ಕೆಲವೇ ವಾಲೈಗಳು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತವೆ; ಒಂದೇ ಮೀನು ಬೇಸಿಗೆಯಲ್ಲಿ ಹಲವು ಸಲ ಗಾಳಕ್ಕೆ ಸಿಕ್ಕರೂ ಅಚ್ಚರಿಯಿಲ್ಲ. ಗಾಳದವನ ಅನುಭವ ಸುಳ್ಳಲ್ಲ. ಆದರೆ ಅವನು ಅಳೆಯುತ್ತಿರುವುದು ಮೀನಿನ ಹಸಿವನ್ನು.

ವಾಲೈ ಕಡಿಮೆಯಾದದ್ದೇಕೆ ಎಂಬ ಪ್ರಶ್ನೆಗೆ ದಂಡೆಯ ಅನೇಕ ಬಿಳಿಯರ ಬಾಯಲ್ಲಿ ಸಿದ್ಧ ಉತ್ತರವೊಂದಿತ್ತು: ಒಜಿಬ್ವೆ ಬುಡಕಟ್ಟಿನವರ ಬಲೆಗಳು. ಈ ಮಾತಿಗೆ ಉದ್ದನೆಯ ಚರಿತ್ರೆಯಿದೆ. 1837ರ ಒಪ್ಪಂದದಲ್ಲಿ ಒಜಿಬ್ವೆಯವರು ಅಮೆರಿಕ ಸರ್ಕಾರಕ್ಕೆ ನೆಲ ಬಿಟ್ಟುಕೊಟ್ಟರೂ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. ರಾಜ್ಯ ಅದನ್ನು ಮರೆತಂತೆ ನಡೆದುಕೊಂಡಿತು. 1990ರಲ್ಲಿ ಒಜಿಬ್ವೆಯವರ ಮಿಲ್ ಲ್ಯಾಕ್ಸ್ ಬಣ ನ್ಯಾಯಾಲಯದ ಮೆಟ್ಟಿಲೇರಿತು. 1999ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು ನಾಲ್ಕರ ಬಹುಮತದಿಂದ ಆ ಹಕ್ಕು ಇನ್ನೂ ಜೀವಂತವಾಗಿದೆ ಎಂದು ತೀರ್ಪು ಕೊಟ್ಟಿತು. ಅಂದಿನಿಂದ ರಾಜ್ಯದ ಮತ್ತು ಎಂಟು ಒಜಿಬ್ವೆ ಬಣಗಳ ತಜ್ಞರು ಒಟ್ಟಿಗೆ ಕೂತು ಆ ವರ್ಷ ಎಷ್ಟು ತೂಕದ ವಾಲೈ ತೆಗೆದರೆ ಅಪಾಯವಿಲ್ಲ ಎಂದು ಗೊತ್ತುಮಾಡಿ ಪಾಲು ಹಾಕಿಕೊಳ್ಳುತ್ತಾರೆ. 2013ರಲ್ಲಿ ಎರಡೂ ಕಡೆಯದು ಸೇರಿ 2,50,000 ಪೌಂಡ್ ಇತ್ತು. ಮರುವರ್ಷ 60,000ಕ್ಕೆ, 2015ರಲ್ಲಿ 40,000ಕ್ಕೆ ಕುಸಿಯಿತು. 2015ರಲ್ಲಿ ಬುಡಕಟ್ಟುಗಳ ಪಾಲು 11,400 ಪೌಂಡ್. ದೊಡ್ಡ ಪಾಲು ಗಾಳದವರದೇ.

ಬುಡಕಟ್ಟಿನವರು ವಸಂತದಲ್ಲಿ, ಮೀನು ಮೊಟ್ಟೆಯಿಡುವ ಹೊತ್ತಿನಲ್ಲಿ ಬಲೆ ಬೀಸುವುದು ನೋಡುವವರ ಕಣ್ಣಿಗೆ ಚುಚ್ಚುವುದೇನೋ ಸರಿ. ಆದರೆ ಹೆಣ್ಣು ಮೀನನ್ನು ಏಪ್ರಿಲ್‌ನಲ್ಲಿ ಹಿಡಿದರೂ ಅದರ ಹಿಂದಿನ ಅಕ್ಟೋಬರ್‌ನಲ್ಲಿ ಹಿಡಿದರೂ ಆ ವರ್ಷದ ಮೊಟ್ಟೆ ಹೋದಂತೆಯೇ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ: ಮಿಲ್ ಲ್ಯಾಕ್ಸ್‌ನಲ್ಲಿ ಮೊಟ್ಟೆಗೆ ಕೊರತೆ ಬಿದ್ದೇ ಇರಲಿಲ್ಲ. ಕೆಟ್ಟ ವರ್ಷಗಳಲ್ಲೂ ಸಾಕಷ್ಟು ಮರಿಗಳು ಹುಟ್ಟಿ ಶರತ್ಕಾಲದವರೆಗೆ ಬೆಳೆದಿದ್ದವು. ಅವು ಮಾಯವಾಗುತ್ತಿದ್ದುದು ಅಲ್ಲಿಂದಾಚೆ, ಎರಡು ಮೂರು ವರ್ಷ ತುಂಬುವುದರೊಳಗೆ.

ಹೋದದ್ದೆಲ್ಲಿಗೆ? ದೊಡ್ಡ ಮೀನುಗಳ ಹೊಟ್ಟೆ ಸೀಳಿ ನೋಡಿದಾಗ ಸಿಕ್ಕ ಉತ್ತರ ಯಾರನ್ನೂ ಖುಷಿಪಡಿಸುವಂಥದಲ್ಲ. ಪೈಕ್ ಮತ್ತು ಬಾಸ್ ಮೀನುಗಳು ವಾಲೈ ಮರಿಗಳನ್ನು ತಿನ್ನುತ್ತಿದ್ದವು, ನಿಜ. ಅವೆರಡಕ್ಕಿಂತ ಹೆಚ್ಚು ತಿನ್ನುತ್ತಿದ್ದುದು ದೊಡ್ಡ ವಾಲೈಗಳೇ. ಪರ್ಚ್ ಇಳಿದಿತ್ತು. ವಾಲೈಯ ಇನ್ನೊಂದು ಆಹಾರವಾದ ಟಲಿಬೀ ತಣ್ಣೀರಿನ ಮೀನು. ಸರೋವರ ಬಿಸಿಯಾದ ಬೇಸಿಗೆಗಳಲ್ಲಿ ಅದೂ ಸೊರಗಿತ್ತು. ಹಿಮದಡಿಯಲ್ಲೇ ಮೊಟ್ಟೆಯಿಡುವ ಬರ್ಬಟ್ ಎಂಬ ಇನ್ನೊಂದು ಚಳಿಪ್ರಿಯ ಮೀನು ಸಹ ವಿರಳವಾಯಿತು. ಬೇರೆ ಏನೂ ಸಿಗದಾಗ ತನ್ನ ಕುಲದ ಮರಿಯೂ ಆಹಾರವೇ.

ಅದರ ಮೇಲೆ ನೀರೇ ಬದಲಾಗಿತ್ತು. 1990ರ ದಶಕದ ನಡುವಿನಿಂದ ಮಿಲ್ ಲ್ಯಾಕ್ಸ್ ತಿಳಿಯಾಗತೊಡಗಿತು. ಸುತ್ತಲಿನ ಮನೆಗಳ ಕೊಳಚೆ ವ್ಯವಸ್ಥೆ ಸುಧಾರಿಸಿದ್ದೂ ಒಂದು ಕಾರಣವೆನ್ನುತ್ತಾರೆ. 2005ರಲ್ಲಿ ಅಲ್ಲಿ ಜೀಬ್ರಾ ಮಸಲ್ ಪತ್ತೆಯಾಯಿತು. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಈ ಉಗುರುಗಾತ್ರದ ಪಟ್ಟೆಪಟ್ಟೆಯ ಚಿಪ್ಪುಜೀವಿ ಹಡಗುಗಳ ಒಡಲ ನೀರಿನಲ್ಲಿ ಕೂತು 1980ರ ದಶಕದಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳಿಗೆ ಬಂದಿಳಿದಿತ್ತು. ಅಲ್ಲಿಂದ ಮೋಜಿನ ದೋಣಿಗಳ ತಳಕ್ಕಂಟಿಕೊಂಡು ಒಳನಾಡಿನ ಕೆರೆಗಳನ್ನು ಹೊಕ್ಕಿತು. ಒಂದೊಂದು ಮಸಲ್ ದಿನಕ್ಕೆ ಸುಮಾರು ಒಂದು ಲೀಟರ್ ನೀರನ್ನು ಸೋಸಿ ಅದರಲ್ಲಿನ ಪಾಚಿಯನ್ನು ತಿನ್ನುತ್ತದೆ. ಕೋಟಿಗಟ್ಟಲೆ ಮಸಲ್‌ಗಳು ತಳಕ್ಕೆ ಹಾಸಿದಂತೆ ಕೂತಾಗ ಆಹಾರದ ಸರಪಳಿಯ ಬುಡವೇ ತೆಳ್ಳಗಾಗುತ್ತದೆ. 2009ರಲ್ಲಿ ಇನ್ನೊಂದು ಪರದೇಶಿ ಸೇರಿತು: ಮುಳ್ಳು ನೀರುಚಿಗಟ. ಮರಿ ಮೀನುಗಳು ತಿನ್ನಬೇಕಾದ ತೇಲುಜೀವಿಗಳನ್ನು ಇದು ತಿಂದುಹಾಕುತ್ತದೆ. ಇದನ್ನೇ ತಿನ್ನೋಣವೆಂದರೆ ಬಾಲದ ಉದ್ದನೆಯ ಮುಳ್ಳು ಮರಿಯ ಗಂಟಲಿಗಿಳಿಯದು.

ನೀರು ತಿಳಿಯಾದರೆ ಸರೋವರ ಆರೋಗ್ಯವಾಗಿದೆ ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ವಾಲೈಗೆ ಅದು ಮನೆಯ ಗೋಡೆ ಒತ್ತಿ ಬಂದಂತೆ. ಬೆಳಕು ಆಳಕ್ಕಿಳಿದಷ್ಟೂ ಮಬ್ಬಿನ ಜಾಗ ಕುಗ್ಗುತ್ತದೆ. ಮೇಲಿಂದ ಬಿಸಿ ಹೆಚ್ಚಿದಷ್ಟೂ ತಂಪಿನ ಜಾಗ ಕುಗ್ಗುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ ಗ್ರೆಚೆನ್ ಹ್ಯಾನ್ಸೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಮಿಲ್ ಲ್ಯಾಕ್ಸ್‌ನ ಈ ಕುಗ್ಗುವಿಕೆಯನ್ನು ಲೆಕ್ಕ ಹಾಕಿತು. ವಾಲೈಗೆ ಒಗ್ಗುವ ಜಾಗ ಕಡಿಮೆಯಾದಂತೆ, ಅಪಾಯವಿಲ್ಲದೆ ಹಿಡಿಯಬಹುದಾದ ಮೀನಿನ ಪ್ರಮಾಣವೂ ಇಳಿಯುತ್ತ ಬಂದಿತ್ತು. ಹಳೆಯ ಕಾಲದಲ್ಲಿ ತಡೆದುಕೊಳ್ಳುತ್ತಿದ್ದಷ್ಟು ಮೀನುಗಾರಿಕೆಯನ್ನು ಈ ಸರೋವರ ಈಗ ತಡೆದುಕೊಳ್ಳಲಾರದು.

ಹಿಡಿಯುವ ನಿಯಮಗಳದ್ದೂ ತಪ್ಪಿರಬಹುದು. 2013ರಲ್ಲಿ ಮನೆಗೊಯ್ಯಬಹುದಾದ ಮೀನು ಬಹುತೇಕ 18ರಿಂದ 20 ಇಂಚಿನ ಕಿರಿದಾದ ಅಳತೆಯೊಳಗಿನದು. ಚಿಕ್ಕದು ಬೆಳೆಯಲಿ, ದೊಡ್ಡ ಹೆಣ್ಣು ಮೊಟ್ಟೆಯಿಡಲಿ ಎಂಬುದು ಉದ್ದೇಶ. ಹೊಡೆತವೆಲ್ಲ ನಡುವಿನ ಗಾತ್ರದವುಗಳ ಮೇಲೆ ಬಿತ್ತು, ದೊಡ್ಡ ಬಾಯಿಗಳು ಹಾಗೇ ಉಳಿದವು.

ಹಿಡಿದು ಬಿಟ್ಟುಬಿಡುವುದು ನಿರುಪದ್ರವಿ ಎಂಬ ನಂಬಿಕೆಗೂ ಇದೇ ಸರೋವರದಲ್ಲಿ ಪೆಟ್ಟು ಬಿತ್ತು. ಗಾಳದಿಂದ ಬಿಡಿಸಿ ಬಿಟ್ಟ ವಾಲೈಗಳಲ್ಲಿ ಎಷ್ಟು ಆಮೇಲೆ ಸಾಯುತ್ತವೆ ಎಂದು ಇಲಾಖೆ 2003 ಮತ್ತು 2004ರಲ್ಲಿ ಇಲ್ಲಿಯೇ ಪರೀಕ್ಷಿಸಿತ್ತು. ನೀರು ತಂಪಿದ್ದಾಗ ಸಾಯುವುದು ಅತ್ಯಲ್ಪ. ತಾಪ 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸಾವು ಏರುತ್ತದೆ. ಕೊಕ್ಕೆಯನ್ನು ಗಂಟಲವರೆಗೆ ನುಂಗಿದ್ದರೆ ಇನ್ನೂ ಕಷ್ಟ. ಹೀಗೆ ಸತ್ತವುಗಳ ಅಂದಾಜು ತೂಕವನ್ನೂ ಪಾಲಿಗೆ ಜಮಾ ಮಾಡಲಾಗುತ್ತದೆ. 2016ರ ಬೇಸಿಗೆಯಲ್ಲಿ ಒಂದೇ ಒಂದು ವಾಲೈಯನ್ನೂ ಮನೆಗೊಯ್ಯುವಂತಿರಲಿಲ್ಲ. ಆದರೂ ರಾಜ್ಯದ 28,600 ಪೌಂಡ್ ಪಾಲು ಮುಗಿದು ಮೀರಿಹೋಯಿತು. ಸಾಣೆ ಹಿಡಿದ ಚಾಕುಗಳೆಲ್ಲ ಡಬ್ಬಿಯಲ್ಲೇ ಇದ್ದವು. ಕರಿದ ಮೀನಿನ ಘಮ ಯಾವ ಅಡುಗೆಮನೆಯಲ್ಲೂ ಇರಲಿಲ್ಲ. ಮೀನು ಚೆನ್ನಾಗಿ ಕಚ್ಚುತ್ತಿದ್ದ ಬೇಸಿಗೆ ಅದು ಎಂಬುದನ್ನು ನೆನಪಿಟ್ಟರೆ ಲೆಕ್ಕ ಕೂಡುತ್ತದೆ. 2017ರ ಜುಲೈನಲ್ಲಿ, ನೀರು ಅತ್ಯಂತ ಬಿಸಿಯಿರುವ ವಾರಗಳಲ್ಲಿ, ಹಿಡಿದು ಬಿಡುವುದನ್ನೂ ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಮರಿ ತಂದು ಬಿಡಬಾರದೇ ಎಂದು ಆಗ ಬಹಳ ಜನ ಕೇಳಿದರು. ಅವರ ಕಣ್ಣೆದುರು ಒಂದು ಉದಾಹರಣೆಯೂ ಇತ್ತು. ಇನ್ನೂ ಉತ್ತರಕ್ಕಿರುವ ರೆಡ್ ಲೇಕ್ ಮಿಲ್ ಲ್ಯಾಕ್ಸ್‌ನ ಎರಡು ಪಟ್ಟು ದೊಡ್ಡದು. ಅದರ ಬಹುಭಾಗ ರೆಡ್ ಲೇಕ್ ಒಜಿಬ್ವೆಯವರದು, ಪೂರ್ವದ ಒಂದು ಭಾಗ ಮಾತ್ರ ರಾಜ್ಯದ್ದು. ಮೊದಲ ಮಹಾಯುದ್ಧದ ಕಾಲದಿಂದ ಅಲ್ಲಿ ಮಾರಾಟಕ್ಕಾಗಿ ಮೀನು ಹಿಡಿಯಲಾಗುತ್ತಿತ್ತು. ಎಲ್ಲ ಕಡೆಯಿಂದಲೂ ಮಿತಿಮೀರಿ ಹಿಡಿದು 1990ರ ದಶಕದ ನಡುವೆ ವಾಲೈ ಬಹುತೇಕ ಬರಿದಾಯಿತು. 1997ರಲ್ಲಿ ಬುಡಕಟ್ಟು ತಾನಾಗಿ ತನ್ನ ವ್ಯಾಪಾರವನ್ನು ನಿಲ್ಲಿಸಿತು. 1999ರಲ್ಲಿ ರಾಜ್ಯವೂ ಕೈಜೋಡಿಸಿ ತನ್ನ ಭಾಗದಲ್ಲಿ ಗಾಳ ನಿಲ್ಲಿಸಿತು. 1999, 2001, 2003ರಲ್ಲಿ ಒಟ್ಟು ಹತ್ತು ಕೋಟಿಗೂ ಹೆಚ್ಚು ಮರಿಗಳನ್ನು ಬಿಟ್ಟರು. ಬಿಟ್ಟ ಮರಿ ಯಾವುದು, ಸರೋವರದಲ್ಲೇ ಹುಟ್ಟಿದ್ದು ಯಾವುದು ಎಂದು ಮುಂದೆ ತಿಳಿಯಲು ಅವುಗಳನ್ನು ಪ್ರತಿಜೈವಿಕ ಬೆರೆಸಿದ ನೀರಿನಲ್ಲಿ ಅದ್ದಿ, ಒಳಗಿವಿಯ ಹರಳಿನಲ್ಲಿ ಗುರುತು ಮೂಡಿಸಿದ್ದರು. ವಾಲೈ ಇಲ್ಲದ ಆ ಖಾಲಿ ವರ್ಷಗಳಲ್ಲಿ ಕ್ರಾಪಿ ಎಂಬ ಇನ್ನೊಂದು ಮೀನು ಹುಲುಸಾಗಿ ಹೆಚ್ಚಿ, ಅದಕ್ಕಾಗಿ ಚಳಿಗಾಲದಲ್ಲಿ ಜನ ಮುಗಿಬಿದ್ದರು. 2006ರಲ್ಲಿ ವಾಲೈಗೆ ಮತ್ತೆ ಗಾಳ ಬಿತ್ತು.

ರೆಡ್ ಲೇಕ್‌ನಲ್ಲಿ ಇಲ್ಲದಿದ್ದುದು ಮೊಟ್ಟೆಯಿಡುವ ಮೀನು. ಇದ್ದದ್ದು ಖಾಲಿ ಜಾಗ ಮತ್ತು ಮೇವು. ಹಾಗಾಗಿ ಅಲ್ಲಿ ಮರಿ ಬಿಟ್ಟದ್ದು ಫಲಿಸಿತು. ಮಿಲ್ ಲ್ಯಾಕ್ಸ್‌ನಲ್ಲಿ ಮರಿ ಬಿಡುವುದೆಂದರೆ ಹಸಿದ ದೊಡ್ಡ ವಾಲೈಗಳಿಗೆ ಊಟ ಬಡಿಸಿದಂತೆ ಎಂಬ ತಜ್ಞರ ವಾದದಲ್ಲಿ ಹುರುಳಿದೆ. ಒಂದು ಕೆರೆಯ ಔಷಧ ಇನ್ನೊಂದಕ್ಕೆ ಹತ್ತದು.

ಇತ್ತ ವಾಲೈಗೆ ಕೆಟ್ಟದ್ದಾದ ತಿಳಿನೀರೇ ಸ್ಮಾಲ್‌ಮೌತ್ ಬಾಸ್‌ಗೆ ವರವಾಯಿತು. ಅದು ಬೆಳಕಿನಲ್ಲಿ ನೋಡಿ ಬೇಟೆಯಾಡುವ ಮೀನು. ಬೆಚ್ಚನೆಯ ನೀರು, ಕಲ್ಲಿನ ತಳ ಅದಕ್ಕೆ ಪ್ರಿಯ. 2016ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವೃತ್ತಿಪರ ಬಾಸ್ ಸ್ಪರ್ಧೆಯೊಂದು ಮಿಲ್ ಲ್ಯಾಕ್ಸ್‌ಗೆ ಬಂತು. 2017ರಲ್ಲಿ ಬಾಸ್‌ಮಾಸ್ಟರ್ ಪತ್ರಿಕೆ ಇದನ್ನು ದೇಶದ ಮೊದಲ ಬಾಸ್ ಸರೋವರವೆಂದು ಪಟ್ಟಿಮಾಡಿತು. ವಾಲೈಯನ್ನೇ ನಂಬಿ, ತಲೆಮಾರುಗಳಿಂದ ಅದೇ ಗಿರಾಕಿಗಳನ್ನು ಕರೆದೊಯ್ಯುತ್ತಿದ್ದ ದೋಣಿಯವರಿಗೆ ಇದು ಅರೆ ಸಮಾಧಾನ. ಬಾಸ್‌ನವರು ಸ್ವಂತ ದೋಣಿ ಎಳೆದುಕೊಂಡು ಬರುತ್ತಾರೆ, ಹಿಡಿದದ್ದನ್ನು ಬಿಟ್ಟು ಹೋಗುತ್ತಾರೆ. ಇನ್ನು ದೈತ್ಯಗಾತ್ರದ ಮಸ್ಕಿ ಮೀನಿನ ಬೆನ್ನು ಹತ್ತಿದವರ ಲೋಕವೇ ಬೇರೆ. 2021ರ ನವೆಂಬರ್‌ನಲ್ಲಿ 1957ರ ರಾಜ್ಯದಾಖಲೆಯನ್ನು ಮುರಿದ 55 ಪೌಂಡ್ 14.8 ಔನ್ಸ್ ತೂಕದ ಮಸ್ಕಿ ಸಿಕ್ಕಿದ್ದು ಇದೇ ನೀರಿನಲ್ಲಿ.

ಚಳಿಗಾಲದ ಕಥೆಯೂ ಬದಲಾಗುತ್ತಿದೆ. ಹಿಮ ಗಟ್ಟಿಯಾದಾಗ ಸರೋವರದ ಮೇಲೆ ಸಾವಿರಾರು ಮೀನುಮನೆಗಳು ಏಳುತ್ತವೆ. ಒಳಗೆ ಒಲೆ, ಮಂಚ, ನೆಲದಲ್ಲಿ ತೂತು, ತೂತಿನೊಳಗೆ ದಾರ. ಹಿಮದ ಮೇಲೆ ರಸ್ತೆ ಗುಡಿಸಿಡುವುದೇ ರೆಸಾರ್ಟ್‌ಗಳ ಚಳಿಗಾಲದ ಉದ್ಯೋಗ. ನಡೆಯಲು ಕನಿಷ್ಠ ನಾಲ್ಕು ಇಂಚು ದಪ್ಪ ಬೇಕು. ಲಾರಿಯಂಥ ವಾಹನಕ್ಕೆ ಅದರ ಮೂರು ನಾಲ್ಕು ಪಟ್ಟು. 2023ರ ಡಿಸೆಂಬರ್ ಕೊನೆಯಲ್ಲಿ, ವರ್ಷದ ಆ ಹೊತ್ತಿಗೆ ಹಿಮ ಭದ್ರವಾಗಿರಬೇಕಾದ ರೆಡ್ ಲೇಕ್‌ನ ರಾಜ್ಯದ ಭಾಗದಲ್ಲಿ ಹಿಮದ ಹಾಳೆ ಬಿರುಕುಬಿಟ್ಟು ಬೇರ್ಪಟ್ಟಿತು. ಅದರ ಮೇಲೆ ಸಿಕ್ಕಿಬಿದ್ದ ನೂರಕ್ಕೂ ಹೆಚ್ಚು ಜನರನ್ನು ಪಾರುಮಾಡಿ ತರಬೇಕಾಯಿತು.

2013ರ ಪೀಳಿಗೆಗೆ ಈಗ ವಯಸ್ಸಾಗಿದೆ, ಅದರ ನಂತರದ ಪೀಳಿಗೆಗಳೂ ಒಂದಿಷ್ಟು ಉಳಿದುಕೊಂಡಿವೆ. 2024 ಮತ್ತು 2025ರಲ್ಲಿ ವಾಲೈ ಮನೆಗೊಯ್ಯುವ ನಿಯಮ ಹಲವು ವರ್ಷಗಳ ಬಿಗಿಯ ನಂತರ ಸಡಿಲವಾಯಿತು. ಹಳೆಯ ಲಕ್ಷಗಟ್ಟಲೆ ಪೌಂಡುಗಳ ಕಾಲ ಮರಳುವುದು ಅನುಮಾನ. ಮಸಲ್‌ಗಳು ತಳ ಬಿಟ್ಟು ಹೋಗುವುದಿಲ್ಲ, ಬೇಸಿಗೆಗಳು ತಂಪಾಗುವ ಲಕ್ಷಣವಿಲ್ಲ. ಬರುವ ಬೇಸಿಗೆಯಲ್ಲಿ ವಾಲೈ ಕಚ್ಚುತ್ತದೋ ಇಲ್ಲವೋ ಎಂದು ಊಹಿಸಬೇಕೆಂದಿರುವವರು ಸೆಪ್ಟೆಂಬರ್ ಬಲೆಗಳ ವರದಿಯಲ್ಲಿ ವಾಲೈಯ ಸಾಲನ್ನಷ್ಟೇ ಓದಿದರೆ ಸಾಲದು. ಅದರಲ್ಲಿ ಹಳದಿ ಪರ್ಚ್‌ನ ಸಾಲೂ ಇರುತ್ತದೆ. ಆ ಸಂಖ್ಯೆ ಚಿಕ್ಕದಿದ್ದರೆ ದೋಣಿ ಕಾದಿರಿಸಲು ಒಳ್ಳೆಯ ವರ್ಷ. ದೊಡ್ಡದಿದ್ದರೆ ವಾಲೈಗೆ ಒಳ್ಳೆಯ ವರ್ಷ.